ಮನೆವಾರ್ತೆ: ಮನೆಬಂಡಿಯ ಬಿಸಿನೀರ ಹಂಡೆ



ಬಿಸಿನೀರಿನ ಬೆಲೆಯು ಅದು ಇಲ್ಲದ ದಿನವೇ ತಿಳಿಯತಕ್ಕದ್ದು. ಆ ದಿನ ನಮಗೆ ಒದಗಿದುದು ಊರಿನ ಬಚ್ಚಲಿನಲ್ಲಲ್ಲ, ಅಮೆರಿಕದ ಯೂಟಾ ಪ್ರಾಂತದ ಒಂದು ಬೆಟ್ಟದ ಮೇಲೆ. 2023ನೆಯ ಇಸವಿಯ ಮೇ ತಿಂಗಳಿನಲ್ಲಿ ನಾನೂ ನಮ್ಮ ಅತ್ತೆಯವರೂ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆವು. ಮಗಳು, ಅಳಿಯಂದಿರು, ಮೂರು ವರ್ಷದ ಮೊಮ್ಮಗು ಮತ್ತು ನಾವಿಬ್ಬರು, ಹೀಗೆ ಐವರೂ ಕೂಡಿ ಒಂದು ಮನೆಬಂಡಿಯನ್ನು ಬಾಡಿಗೆಗೆ ಹಿಡಿದು ಬ್ರೈಸ್ ಕಣಿವೆಯನ್ನು ನೋಡಲು ಹೊರಟೆವು. ಅಲ್ಲಿಯವರು ಮೋಟರ್‌ಹೋಂ ಎಂದು ಕರೆಯುವ ಈ ಬಂಡಿಯಲ್ಲಿ ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಇರುತ್ತವೆ. ಬಿಸಿನೀರಿಗಾಗಿ ಹೊರಗೋಡೆಯ ಒಂದು ಮೂಲೆಯಲ್ಲಿ ಸುಮಾರು 23 ಲೀಟರು ಹಿಡಿಯುವ ಚಿಕ್ಕ ಹಂಡೆಯೊಂದನ್ನು ಹುದುಗಿಸಿ, ಅದರಡಿಯಲ್ಲಿ ಗ್ಯಾಸಿನ ಉರಿಯನ್ನು ಏರ್ಪಡಿಸಿರುತ್ತಾರೆ.

ಬ್ರೈಸ್ ಕಣಿವೆಯ ಅಂಚು ಸಮುದ್ರಮಟ್ಟಕ್ಕಿಂತ 8,000 ಅಡಿಗೂ ಮೇಲಿದೆ. ಮೇ ತಿಂಗಳಾದರೂ ಬೆಳಗ್ಗೆ ಎದ್ದು ನೋಡಿದಾಗ ಬಂಡಿಯ ಹೊರಗೆ ನಿಂತ ನೀರಿನ ಮೇಲೆ ಮಂಜಿನ ತೆಳುಪದರ ಕಟ್ಟಿತ್ತು. ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಸ್ನಾನವಾಗದೆ ಬಾಯಿಗೆ ನೀರು ಹಾಕುವವರಲ್ಲ. ಅಳಿಯಂದಿರು ಬಿಸಿನೀರಿನ ಸ್ವಿಚ್ಚನ್ನು ಒತ್ತಿದರು. ಹೊರಗೆ 'ಟಕ್' ಎಂಬ ಶಬ್ದವೂ, ಅದರ ಬೆನ್ನಿಗೆ 'ಚಿಟಿಚಿಟಿ' ಎಂಬ ಕಿಡಿಯ ಸದ್ದೂ ಕೇಳಿಸಿ, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ನಿಂತು ಕೆಂಪು ದೀಪ ಹತ್ತಿಕೊಂಡಿತು. ಮೂರು ಬಾರಿ ಪ್ರಯತ್ನಿಸಿದರೂ ಅದೇ ಫಲ.

"ಚಳಿಗೆ ಗ್ಯಾಸೇ ಹೆಪ್ಪುಗಟ್ಟಿರಬೇಕು" ಎಂದಳು ಮಗಳು. ಇದು ಸಹಜವಾದ ಊಹೆಯಾದರೂ ನಿಜವಲ್ಲ. ಆ ದೇಶದ ಬಂಡಿಗಳಲ್ಲಿ ಬಳಸುವುದು ಪ್ರೊಪೇನು. ಅದು ಸೊನ್ನೆಗಿಂತ 42 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿಯುವವರೆಗೂ ಆವಿಯಾಗುತ್ತಲೇ ಇರುತ್ತದೆ. ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿ ಬ್ಯೂಟೇನೂ ಬೆರೆತಿರುವುದರಿಂದ, ಸೊನ್ನೆಯ ಸಮೀಪದ ಚಳಿಗೇ ಅದು ಸೊರಗುವುದುಂಟು. ಪ್ರೊಪೇನಿಗೆ ಆ ಭಯವಿಲ್ಲ.

ಇಷ್ಟರಲ್ಲಿ ಒಂದು ಅವಿವೇಕ ನಡೆಯಿತು. ಹಂಡೆ ಕಾಯದಿದ್ದರೇನು, ಒಲೆಯಿದೆಯಲ್ಲ ಎಂದು ಮಗಳು ಎರಡು ದೊಡ್ಡ ಪಾತ್ರೆಗಳಲ್ಲಿ ನೀರಿಟ್ಟಳು. ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಒಲೆಯ ಕಾವಿನಿಂದ ಬಂಡಿಯೂ ಬೆಚ್ಚಗಾಗುತ್ತದೆಂದು ಹಿಗ್ಗಿದವಳು ನಾನೇ. ಅರ್ಧ ಗಂಟೆಯ ಮೇಲೆ ನನಗೆ ತಲೆ ಭಾರವಾಯಿತು, ಪ್ರಯಾಣದ ಆಯಾಸವೆಂದುಕೊಂಡೆ. ಮಗು ಮಂಕಾಗಿ ಮಲಗಿತ್ತು. ಆಗ ಗೋಡೆಯ ಮೇಲಿದ್ದ ಚಿಕ್ಕ ಪೆಟ್ಟಿಗೆಯೊಂದು ಕರ್ಕಶವಾಗಿ ಕೂಗತೊಡಗಿತು. ಅಳಿಯಂದಿರು ಒಲೆಯನ್ನಾರಿಸಿ, ಬಾಗಿಲು ಕಿಟಕಿಗಳನ್ನು ತೆರೆದು, ಮಗುವನ್ನೆತ್ತಿಕೊಂಡು ನಮ್ಮೆಲ್ಲರನ್ನೂ ಹೊರಗೆ ಕರೆತಂದರು. ಆ ಚಳಿಯಲ್ಲಿ ನಿಂತಾಗ ಹತ್ತು ನಿಮಿಷದಲ್ಲಿ ನನ್ನ ತಲೆ ಹಗುರವಾಯಿತು; ಮಗುವೂ ಅತ್ತು ಚೇತರಿಸಿಕೊಂಡಿತು. ಆ ಅಳುವಿನಷ್ಟು ಇಂಪಾದ ಧ್ವನಿಯನ್ನು ನಾನು ಕೇಳಿದ್ದಿಲ್ಲ.

ಆ ಪೆಟ್ಟಿಗೆ ಕೂಗಿದುದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವನ್ನು ಕಂಡು. ಉರಿಗೆ ಬೇಕಾದಷ್ಟು ಗಾಳಿ ದೊರೆಯದಿದ್ದಾಗ ಇದು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ವಸ್ತುವಿಗೆ ಇದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸೋರುವ ಗ್ಯಾಸಿನ ಮಾತೇ ಬೇರೆ. ಅದಕ್ಕೆ ಬೇಕೆಂದೇ ದುರ್ವಾಸನೆ ಕೂಡಿಸಿರುತ್ತಾರೆ. ಗಾಳಿಗಿಂತ ಭಾರವಾದುದರಿಂದ ಅದು ನೆಲದಲ್ಲಿ ಮಡುಗಟ್ಟುತ್ತದೆ. ಮೂಗು ಅದನ್ನು ಹಿಡಿದೀತು, ಇದನ್ನು ಹಿಡಿಯಲಾರದು. ಅಡಿಗೆಯ ಒಲೆಯು ಅಡಿಗೆಗೇ ಹೊರತು ಮನೆಯನ್ನು ಬೆಚ್ಚಗೆ ಮಾಡುವುದಕ್ಕಲ್ಲವೆಂಬುದನ್ನು ನಾವು ಅಂದು ಕಲಿತೆವು.

ಬಂಡಿಯೊಳಗೆ ಗಾಳಿಯಾಡಿದ ಮೇಲೆ ಅಳಿಯಂದಿರು ಬಾಡಿಗೆಯವರಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆದು, ಯಂತ್ರದ ಕೈಪಿಡಿಯೊಡನೆ ಹಂಡೆಯ ಮುಂದೆ ಕುಳಿತರು. ಕುರ್ಚಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಅತ್ತೆಯವರು, "ಏನಪ್ಪಾ, ಹಂಡೆಯಲ್ಲಿ ನೀರಿದೆಯೊ?" ಎಂದು ಕೇಳಿದರು. ಅಳಿಯಂದಿರು ಬಿಸಿನೀರಿನ ನಲ್ಲಿಯನ್ನು ತಿರುಗಿಸಿ ತೋರಿಸಿ, "ಇದೆ ಅಜ್ಜಿ, ಧಾರಾಳವಾಗಿ ಬರುತ್ತಿದೆ" ಎಂದರು.

"ನಲ್ಲಿಯ ನೀರನ್ನು ಕೇಳಲಿಲ್ಲವಪ್ಪಾ, ಹಂಡೆಯ ನೀರನ್ನು ಕೇಳಿದೆ" ಎಂದರು ಅತ್ತೆಯವರು.

ಅವರು ತೀರ್ಥಹಳ್ಳಿಯ ಕಡೆಯವರು. ಹಬ್ಬದ ಮುನ್ನಾದಿನ ಹಂಡೆಯನ್ನು ಬೆಳಗಿ ನೀರು ತುಂಬಿ, ಅಡಕೆಯ ಸಿಪ್ಪೆಯ ಉರಿ ಹಾಕಿ ಬಾಳಿದವರು. ಬರಿಯ ಹಂಡೆಗೆ ಬೆಂಕಿಯಿಡಬಾರದೆಂಬುದು ಅವರಿಗೆ ಯಾವ ಕೈಪಿಡಿಯೂ ಕಲಿಸಬೇಕಾಗಿರಲಿಲ್ಲ. ಅಳಿಯಂದಿರು ಕೈಪಿಡಿಯನ್ನು ಮಗುಚಿ ನೋಡಿ, ಹಂಡೆಯ ಮೇಲ್ಭಾಗದಲ್ಲಿರುವ ರಕ್ಷಣಾ ಕವಾಟದ ಸನ್ನೆಯನ್ನು ಎತ್ತಿದರು. ಹಂಡೆ ತಣ್ಣಗಿದ್ದಾಗಲೇ ಈ ಪರೀಕ್ಷೆ ಮಾಡತಕ್ಕದ್ದು. ಬರಿಯ ಗಾಳಿ ಬಂದಿತೇ ಹೊರತು ಒಂದು ಹನಿ ನೀರು ಬರಲಿಲ್ಲ. ಹಂಡೆ ಬರಿದಾಗಿತ್ತು!

ಇದಕ್ಕೆ ಕಾರಣವಿಷ್ಟೆ. ಚಳಿಗಾಲದಲ್ಲಿ ನೀರು ಮಂಜುಗಡ್ಡೆಯಾಗಿ ಹಂಡೆಯನ್ನು ಸೀಳಬಾರದೆಂದು, ಬಂಡಿಯನ್ನು ನಿಲ್ಲಿಸಿಡುವವರು ಹಂಡೆಯನ್ನು ಬರಿದುಮಾಡಿ, ಅದರ ಹಿಂದಿರುವ ತಿರುಪುಗಳನ್ನು ತಿರುಗಿಸಿ, ನೀರು ಹಂಡೆಯನ್ನು ಹೊಗದೆ ಪಕ್ಕದ ಕೊಳವೆಯಿಂದಲೇ ಬಿಸಿನೀರಿನ ನಲ್ಲಿಗೆ ಹೋಗುವಂತೆ ಮಾಡುತ್ತಾರೆ. ವಸಂತದಲ್ಲಿ ಅವನ್ನು ಮರಳಿ ತಿರುಗಿಸಲು ನಮ್ಮ ಬಾಡಿಗೆಯವರು ಮರೆತಿದ್ದರು. ಬರಿದಾದ ಹಂಡೆಗೆ ಉರಿ ಹತ್ತಿದ್ದರೆ ಯಂತ್ರವೇ ಕೆಡುತ್ತಿತ್ತು. ವಿದ್ಯುತ್ತಿನಿಂದಲೂ ಕಾಯುವ ಹಂಡೆಗಳಲ್ಲಿ ನೀರಿಲ್ಲದೆ ಸ್ವಿಚ್ಚು ಹಾಕಿದರೆ ಒಳಗಿನ ಕಾವಿನ ಸರಳು ಕೆಲವು ಕ್ಷಣಗಳಲ್ಲೇ ಸುಟ್ಟುಹೋಗುತ್ತದೆ. ತಿರುಪುಗಳನ್ನು ಸರಿಪಡಿಸಿ ನಲ್ಲಿಯನ್ನು ತೆರೆದಾಗ ಮೊದಲು ಗಾಳಿ ಸಿಡಿಸಿಡಿ ಎಂದು ಬಂದು, ಕೆಲವು ನಿಮಿಷಗಳ ಮೇಲೆ ನೀರು ಒಂದೇ ಧಾರೆಯಾಗಿ ಹರಿಯಿತು. ಹಂಡೆ ತುಂಬಿತು.

ಆದರೆ ಉರಿ ಏಕೆ ಹತ್ತಲಿಲ್ಲ? ಇದಕ್ಕೆ ಕ್ರಮವಾದ ವಿಚಾರಣೆ ಬೇಕು. ಇಂಥ ಯಂತ್ರವನ್ನು ಬಳಸುವ ಯಾರಿಗೂ ಉಪಯೋಗವಾಗಬಹುದೆಂದು ಆ ಕ್ರಮವನ್ನೇ ಬರೆಯುತ್ತೇನೆ.

ಮೊದಲನೆಯದು ಗ್ಯಾಸು. ಅಡಿಗೆಯ ಒಲೆ ಚೆನ್ನಾಗಿ ಉರಿಯುತ್ತಿದ್ದರೆ ಗ್ಯಾಸು ಇದೆಯೆಂದರ್ಥ. ಬಹುಕಾಲ ನಿಂತ ಬಂಡಿಯಲ್ಲಿ ಕೊಳವೆಯೊಳಗೆ ಗಾಳಿ ಸೇರಿರುವುದರಿಂದ ಮೊದಲು ಒಲೆಯನ್ನು ಸ್ವಲ್ಪ ಹೊತ್ತು ಉರಿಸಿ ಗಾಳಿಯನ್ನು ಕಳೆಯಬೇಕು; ಆಗ ಕಿಟಕಿ ತೆರೆದಿರಲಿ. ಗ್ಯಾಸಿನ ತಿರುಪನ್ನು ಮೆಲ್ಲಗೆ ತೆರೆಯತಕ್ಕದ್ದು. ಥಟ್ಟನೆ ತೆರೆದರೆ, ಸೋರಿಕೆಯಾಯಿತೆಂದು ಬಗೆದು ಒಳಗಿನ ತಡೆಯು ಗ್ಯಾಸನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುವುದುಂಟು.

ಎರಡನೆಯದು ಬ್ಯಾಟರಿ. ಉರಿ ಗ್ಯಾಸಿನದಾದರೂ ಕಿಡಿ ಹುಟ್ಟಿಸಿ ಕವಾಟವನ್ನು ತೆರೆಯುವುದು ಬಂಡಿಯ ಬ್ಯಾಟರಿ. ತುಂಬಿದ ಬ್ಯಾಟರಿ 12.6 ವೋಲ್ಟು ತೋರಿಸುತ್ತದೆ. ರಾತ್ರಿಯೆಲ್ಲ ದೀಪ, ಬೀಸಣಿಗೆಗಳನ್ನು ಬಳಸಿ ಅದು ಹತ್ತೂವರೆಯ ಸಮೀಪಕ್ಕೆ ಇಳಿದಿದ್ದರೆ ಯಂತ್ರಕ್ಕೆ ಬಲವಿರದು. ನಮ್ಮ ಬ್ಯಾಟರಿ ಸರಿಯಾಗಿಯೇ ಇತ್ತು.

ಮೂರನೆಯದು ಕಿವಿಗೊಟ್ಟು ಕೇಳುವುದು. ಕವಾಟ ತೆರೆಯುವ 'ಟಕ್', ಕಿಡಿಯ 'ಚಿಟಿಚಿಟಿ', ಉರಿ ಹತ್ತುವ 'ಭುಸ್' ಎಂಬ ಮೂರು ಶಬ್ದಗಳಲ್ಲಿ ಯಾವುದು ಇಲ್ಲವೋ ಅಲ್ಲಿಯೇ ದೋಷ. ಯಾವ ಶಬ್ದವೂ ಇಲ್ಲದಿದ್ದರೆ ವಿದ್ಯುತ್ತು ಬರುತ್ತಿಲ್ಲ, ಅಥವಾ ನೀರು 82 ಡಿಗ್ರಿಯ ಹತ್ತಿರ ಕಾದಾಗ ತಾನಾಗಿ ತಡೆಯುವ ರಕ್ಷಕ ಗುಂಡಿ ಜಿಗಿದಿದೆ. ಉರಿ ಹತ್ತಿ ಕೆಲವು ಕ್ಷಣಗಳಲ್ಲೇ ಆರಿದರೆ, ಉರಿಯಿದೆಯೆಂಬ ಸುದ್ದಿ ಯಂತ್ರಕ್ಕೆ ಮುಟ್ಟುತ್ತಿಲ್ಲ. ಜ್ವಾಲೆಯ ಮೂಲಕ ಅತಿ ಸೂಕ್ಷ್ಮವಾದ ವಿದ್ಯುತ್ತು ಹರಿಯಬಲ್ಲದು. ಅದನ್ನು ಕಂಡೇ ಯಂತ್ರವು ಕವಾಟವನ್ನು ತೆರೆದಿಡುತ್ತದೆ. ಕಡ್ಡಿ ಕೊಳೆಯಾಗಿದ್ದರೆ ಅಥವಾ ಓರೆಯಾಗಿದ್ದರೆ ಅದು ಕಾಣದು. ಟಕ್ ಆಗಿ, ಕಿಡಿಯೂ ಹಾರಿ, ಉರಿ ಮಾತ್ರ ಹತ್ತದಿದ್ದರೆ ದಾರಿಯಲ್ಲಿ ಏನೋ ಅಡ್ಡವಾಗಿದೆ.

ನಮ್ಮದು ಈ ಕಡೆಯ ಬಗೆ. ಅಳಿಯಂದಿರು ಗ್ಯಾಸನ್ನೂ ಸ್ವಿಚ್ಚನ್ನೂ ನಿಲ್ಲಿಸಿ, ಉರಿಯ ಕೊಳವೆಯನ್ನು ಬಿಚ್ಚಿದರು. ಒಳಗೆ ಹತ್ತಿಯಂಥ ಬಿಳಿಯ ಗೂಡು! ಜೇಡವೊಂದು ಚಳಿಗಾಲದಲ್ಲಿ ಸಂಸಾರ ಹೂಡಿತ್ತು. ಮನೆಬಂಡಿಯವರಿಗೆ ಇದು ಚಿರಪರಿಚಿತವಾದ ಉಪದ್ರವವಂತೆ. ಗಾಳಿ ಬೆರೆಯುವ ಬಾಯಿಯೇ ಮುಚ್ಚಿರುವಾಗ, ಅಷ್ಟೆತ್ತರದ ತೆಳುಗಾಳಿಯೂ ಸೇರಿ, ಗ್ಯಾಸು ಉರಿಯುವುದೆಂತು? ಸೀಸೆ ತೊಳೆಯುವ ಕುಂಚದಿಂದ ಕೊಳವೆಯನ್ನು ಉಜ್ಜಿ ಊದಿ ಮತ್ತೆ ಕೂರಿಸಿದರು. ಅದರ ತುದಿಯ ಹಿತ್ತಾಳೆಯ ಸೂಕ್ಷ್ಮರಂಧ್ರವನ್ನು ಮಾತ್ರ ಸೂಜಿಯಿಂದ ಚುಚ್ಚಕೂಡದು. ರಂಧ್ರ ಹಿಗ್ಗಿದರೆ ಉರಿಯ ಪ್ರಮಾಣವೇ ಕೆಡುತ್ತದೆ. ಗ್ಯಾಸು ತೆರೆದ ಮೇಲೆ ಬೆಸುಗೆಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡಿದರು. ಗುಳ್ಳೆಯೆದ್ದರೆ ಸೋರಿಕೆ, ಬೆಂಕಿಕಡ್ಡಿಯಿಂದ ಪರೀಕ್ಷಿಸುವುದು ಎಂದಿಗೂ ಸಲ್ಲದು. ಗುಳ್ಳೆಯೇಳಲಿಲ್ಲ. ಸ್ವಿಚ್ಚು ಒತ್ತಿದರು. ಟಕ್, ಚಿಟಿಚಿಟಿ, ಭುಸ್! ನೀಲಿಯ ಉರಿ ನಿಂತಿತು. ಹಳದಿಯ ಉರಿ ಮತ್ತು ಕಪ್ಪು ಮಸಿ ಕಂಡರೆ ಯಂತ್ರವನ್ನು ನಿಲ್ಲಿಸಿ ತಿಳಿದವರನ್ನು ಕರೆಯಬೇಕು. ಗ್ಯಾಸಿನ ಕವಾಟ ಮತ್ತು ಒತ್ತಡದ ಹೊಂದಿಕೆಗಳು ನಾವು ಕೈಯಿಡತಕ್ಕವಲ್ಲ.

ಸುಮಾರು ಅರ್ಧ ಗಂಟೆಯಲ್ಲಿ ನೀರು ಕಾಯಿತು. ಸಾಮಾನ್ಯವಾಗಿ ಈ ಹಂಡೆಗಳು ನೀರನ್ನು 60 ಡಿಗ್ರಿಯವರೆಗೆ ಕಾಯಿಸುತ್ತವೆ. ಮಕ್ಕಳ ಚರ್ಮ ಸುಡಲು ಅಷ್ಟು ಸಾಕು. ಆದುದರಿಂದ ಮೊದಲು ತಣ್ಣೀರು ಬಿಟ್ಟು ಬಿಸಿನೀರನ್ನು ಬೆರೆಸಿ, ಮಗುವಿಗೆ ಎರೆದೆವು. ಬಳಿಕ ಅತ್ತೆಯವರು ಸ್ನಾನ ಮುಗಿಸಿ, ಸೂರ್ಯನಿಗೆ ಕೈಮುಗಿದು, ಆಮೇಲೆಯೇ ಕಾಫಿ ಕುಡಿದರು.

ಸೋದರಿಯರೆ, ದೂರದೇಶದ ಈ ಮಾತು ನಮಗೇಕೆಂದು ಕೇಳಬಹುದು. ಮನೆಬಂಡಿಯ ಹಂಡೆಯ ಉರಿಯು ಹೊರಗಿನ ಗಾಳಿಯನ್ನು ಸೆಳೆದು ಹೊಗೆಯನ್ನು ಹೊರಕ್ಕೇ ಬಿಡುತ್ತದೆ. ನಮ್ಮ ಊರುಗಳ ಬಚ್ಚಲಿನಲ್ಲಿ ಗೋಡೆಗೆ ತೂಗುಹಾಕುವ ಗ್ಯಾಸ್ ಗೀಸರುಗಳಲ್ಲಿ ಅನೇಕವು ಹಾಗಲ್ಲ. ಒಳಗಿನ ಗಾಳಿಯನ್ನೇ ತಿಂದು ಹೊಗೆಯನ್ನು ಒಳಗೇ ಬಿಡುತ್ತವೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬವನು ರಚಿಸಿ ಗೀಸರೆಂದು ಹೆಸರಿಟ್ಟ ಯಂತ್ರಕ್ಕೂ ಹೊಗೆಯ ಕೊಳವೆ ಇರಲಿಲ್ಲ. ಅಂದಿನ ಆ ದೋಷವು ಇಂದಿಗೂ ನಮ್ಮ ಎಷ್ಟೋ ಮನೆಗಳಲ್ಲಿದೆ. ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ವಾರ್ತೆಗಳನ್ನು ಬೆಂಗಳೂರಿನಿಂದಲೂ ನಾವು ಓದಿದ್ದೇವೆ. ಆದುದರಿಂದ ಯಂತ್ರವನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವೆಡೆಯಲ್ಲಿ ಇರಿಸಿರಿ. ಅದು ಆಗುವವರೆಗೆ ಬಕೆಟ್ಟಿಗೆ ನೀರು ತುಂಬಿ, ಗೀಸರನ್ನು ನಿಲ್ಲಿಸಿ, ಒಳಗೆ ಗಾಳಿಯಾಡಿದ ಮೇಲೆ ಸ್ನಾನ ಮಾಡಿರಿ. ಕಿಟಕಿ ಸದಾ ತೆರೆದಿರಲಿ. ಕಿಡಿ ಹಾರದಿದ್ದರೆ ಮೊದಲು ಅದರ ಅಡಿಯ ಎರಡು ಸೆಲ್ಲುಗಳನ್ನು ಬದಲಿಸಿ ನೋಡಿರಿ. ಬಹುಮಟ್ಟಿಗೆ ದೋಷ ಅಲ್ಲಿಯೇ ಇರುತ್ತದೆ.

ಮತ್ತು ಸ್ನಾನದ ಮನೆಯಲ್ಲಿ ಯಾರಿಗಾದರೂ ತಲೆ ಭಾರವಾಯಿತೆಂದರೆ, ನಾನು ಅಂದುಕೊಂಡಂತೆ ಆಯಾಸವೆಂದುಕೊಳ್ಳಬೇಡಿರಿ. ಮೊದಲು ಬಾಗಿಲು ತೆರೆದು ಹೊರಗೆ ಬನ್ನಿರಿ. ಕಾರಣವನ್ನು ಆಮೇಲೆ ಹುಡುಕೋಣ.