ಮಂಗನ ಕಾಯಿಲೆಯ ಲಸಿಕೆ ಎಲ್ಲಿ?

ಕೊರೋನಾಕ್ಕೆ ವರ್ಷದೊಳಗೆ ಲಸಿಕೆ ಬಂತು. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲೇ ಪತ್ತೆಯಾದ ಮಂಗನ ಕಾಯಿಲೆಗೆ? ಇತ್ತು ಮಾರಾಯ್ರೇ, ಈಗಿಲ್ಲ!

ಹಳೇ ಲಸಿಕೆಯ ಉಪಾಯ ಸರಳ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಕೊಲ್ಲೋದು. ಸತ್ತ ವೈರಸ್ ಕಾಯಿಲೆ ತರಲ್ಲ, ಆದ್ರೆ ದೇಹ ಅದರ ಚಹರೆ ಗುರುತಿಟ್ಕೊಳ್ಳುತ್ತೆ. ತೊಂದರೆ ಏನಂದ್ರೆ ಈ ನೆನಪು ಬೇಗ ಮಾಸ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು, ಮತ್ತೆ ವರ್ಷವರ್ಷ... 2005-2010ರ ಲೆಕ್ಕದಲ್ಲಿ ಎರಡು ಡೋಸಿಗೆ ಸಿಕ್ಕ ರಕ್ಷಣೆ ಸುಮಾರು 62%, ಬೂಸ್ಟರ್ ಸೇರಿದ್ರೆ 83%. ಚುಚ್ಚಿದ ಜಾಗದ ನೋವು ಬೇರೆ! ಜನ ತಪ್ಪಿಸ್ಕೊಂಡ್ರೆ ಬೈದು ಏನು ಪ್ರಯೋಜನ? ಕಡೆಗೆ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಿದ್ರು.

ಐಸಿಎಂಆರ್ ಹೊಸದರ ಕೆಲಸ ಹಿಡಿದಿದೆ, ಸಂತೋಷ. ಮೊದಲು ಪ್ರಾಣಿಗಳು, ಆಮೇಲೆ ಕೆಲವೇ ಜನ, ಆಮೇಲೆ ಹೆಚ್ಚು ಜನ. ಈ ಮೆಟ್ಟಿಲು ಹಾರೋ ಹಾಗಿಲ್ಲ, ಹಾರಬಾರದು ಕೂಡ. ನನ್ನ ತಕರಾರು ಬೇರೆ. ಹಳೇದು ಸೋಲ್ತಿದೆ ಅಂತ ಗೊತ್ತಿದ್ದೂ ಮೊದಲೇ ಯಾಕೆ ಶುರು ಮಾಡ್ಲಿಲ್ಲ? ಕಾಯಿಲೆ ಬರೋದು ಕಾಡಿಗೆ ದರಗು, ಸೌದೆ ತರೋಕೆ ಹೋಗೋರಿಗೆ. ಲಾಭ ನೋಡೋ ಕಂಪನಿ ಅವರಿಗಾಗಿ ದುಡ್ಡು ಹಾಕುತ್ತಾ? ಸರ್ಕಾರವೇ ಹಾಕ್ಬೇಕಿತ್ತು. ಸದ್ಯಕ್ಕೆ ಅವರ ಕೈಲಿರೋದು ಉಣುಗು ಹತ್ತದಿರಲಿ ಅಂತ ಕಾಲಿಗೆ ಹಚ್ಕೊಳ್ಳೋ ಡೇಪಾ ಎಣ್ಣೆ.