ಹಳದಿ ಬೋರ್ಡಿಗೆ ವರ್ಷಕ್ಕೊಂದು ಪರೀಕ್ಷೆ, ಬಿಳಿ ಬೋರ್ಡಿಗೆ ಹದಿನೈದು ವರ್ಷ ರಜೆ

ಕಳೆದ ತಿಂಗಳು ನನ್ನ ಗೆಳೆಯನ ಕ್ಯಾಬ್‌ಗೆ ಎಫ್‌ಸಿ ಇತ್ತು. ಒಂಬತ್ತು ವರ್ಷದ ಗಾಡಿ. ಹಿಂದಿನ ದಿನವೇ ಸರ್ವಿಸ್ ಮಾಡಿಸಿ, ವೈಪರ್ ಬದಲಿಸಿ, ಕಿತ್ತುಹೋಗಿದ್ದ ರಿಫ್ಲೆಕ್ಟರ್ ಟೇಪ್ ಅಂಟಿಸಿಕೊಂಡು ಬಂದಿದ್ದ. ಆದರೂ ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಂತ ವಾಪಸ್ ಕಳಿಸಿದರು. ರಿಪೇರಿ ಮಾಡಿಸಿ ಮರುದಿನ ಮತ್ತೆ ಬರಬೇಕು. ಎರಡು ದಿನದ ದುಡಿಮೆ ಹೋಯಿತು.

ಅವನ ಜೊತೆಗಿರಲೆಂದು ನಾನು ನನ್ನ ಹನ್ನೊಂದು ವರ್ಷದ ಕಾರಿನಲ್ಲಿ ಹೋಗಿದ್ದೆ. ಟೀ ಕುಡಿಯುತ್ತಾ ಅವನು ನನ್ನ ಗಾಡಿಗೆ ಒಂದು ಸುತ್ತು ಹಾಕಿದ. "ಲೋ, ಹಿಂದಿನ ಟೈರ್ ನೋಡಿದ್ದೀಯೇನೋ? ಗ್ರಿಪ್ಪೇ ಇಲ್ಲ. ಎಡಗಡೆ ಬ್ರೇಕ್ ಲೈಟೂ ಉರೀತಿಲ್ಲ. ನನ್ ಗಾಡಿ ಹಿಂಗಿದ್ದಿದ್ರೆ ಗೇಟಲ್ಲೇ ವಾಪಸ್ ಕಳಿಸ್ತಿದ್ರು," ಅಂದ. ಟೈರಿನ ಪಕ್ಕದಲ್ಲಿ 2217 ಎಂದಿತ್ತು. ಅಂದರೆ 2017ರ 22ನೇ ವಾರ ತಯಾರಾದದ್ದು. ಅದೇ ಟೈರಲ್ಲಿ ನಾನು ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಶಿರಾಡಿ ಘಾಟ್ ಇಳಿದಿದ್ದೇನೆ. ಈ ಹನ್ನೊಂದು ವರ್ಷದಲ್ಲಿ ಸರ್ಕಾರದ ಯಾರೊಬ್ಬರೂ ನನ್ನ ಗಾಡಿಯ ಬ್ರೇಕ್ ಮುಟ್ಟಿ ನೋಡಿಲ್ಲ.

ಇದು ನನ್ನೊಬ್ಬನ ಸೋಮಾರಿತನದ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಮ್ಮ ಕಾನೂನೇ ಹೀಗಿದೆ.

ಒಂದೇ ರಸ್ತೆ, ಎರಡು ಕಾನೂನು

ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಟ್ಯಾಕ್ಸಿ, ಆಟೋ, ಲಾರಿಗಳಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆ ಕಡ್ಡಾಯ. ಅದು ಇರಬೇಕಾದದ್ದೇ. ಆದರೆ ಸ್ವಂತ ಬಳಕೆಯ ಕಾರಿನ ನೋಂದಣಿ ಒಮ್ಮೆಗೇ 15 ವರ್ಷಕ್ಕೆ ಸಿಗುತ್ತದೆ. ಅಲ್ಲಿಯವರೆಗೆ ಬ್ರೇಕ್, ಟೈರ್, ಸ್ಟೀರಿಂಗ್, ಲೈಟ್ ಯಾವುದಕ್ಕೂ ಕಡ್ಡಾಯ ಪರೀಕ್ಷೆ ಇಲ್ಲ.

"ಎಮಿಷನ್ ಟೆಸ್ಟ್ ಮಾಡಿಸ್ತೀವಲ್ಲ" ಅನ್ನಬಹುದು. ಪೆಟ್ರೋಲ್ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ಗಾಡಿಯಲ್ಲಿ ಹೊಗೆಯ ದಟ್ಟಣೆ, ಇಷ್ಟನ್ನೇ ಅದು ಅಳೆಯುವುದು. ಬ್ರೇಕ್ ಪೂರ್ತಿ ಸವೆದ ಗಾಡಿಗೂ ಆ ಚೀಟಿ ಸಿಗುತ್ತದೆ. ಚೀಟಿ ಇಲ್ಲದಿದ್ದರೆ 10,000 ರೂಪಾಯಿವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಬೋಳು ಟೈರಿನ ಬಗ್ಗೆ ಕೇಳುವವರಿಲ್ಲ.

ಬೇರೆ ದೇಶಗಳಲ್ಲಿ ಹೀಗಿಲ್ಲ. ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಪರೀಕ್ಷೆ. ಜರ್ಮನಿ, ಜಪಾನ್‌ಗಳಲ್ಲಿ ಮೊದಲ ಮೂರು ವರ್ಷದ ನಂತರ ಎರಡು ವರ್ಷಕ್ಕೊಮ್ಮೆ. ಬ್ರಿಟನ್ನಿನಲ್ಲಿ ಕಾರುಗಳು ಫೇಲ್ ಆಗುವುದು ಯಾತಕ್ಕೆ ಗೊತ್ತಾ? ಲೈಟು, ಸಸ್ಪೆನ್ಷನ್, ಬ್ರೇಕು, ಟೈರು. ಇಂಜಿನ್ ಬಿಚ್ಚಬೇಕಾದ ದೊಡ್ಡ ಕಾಯಿಲೆಗಳಿಗಿಂತ ಹೊತ್ತಿಗೆ ಸರಿಯಾಗಿ ನೋಡಿಕೊಳ್ಳದ ಸಣ್ಣ ಸಂಗತಿಗಳೇ ಹೆಚ್ಚು. ಪ್ರತಿ ವರ್ಷ ಪರೀಕ್ಷೆ ನಡೆಯುವ ಕಡೆಯೇ ಈ ಕಥೆ. ಹದಿನೈದು ವರ್ಷ ಪರೀಕ್ಷೆಯೇ ಇಲ್ಲದ ನಮ್ಮಲ್ಲಿ ಹೇಗಿರಬಹುದು?

ಸಣ್ಣದು ಅಂತ ಬಿಟ್ಟದ್ದು

ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಮಡಚಿ ಕಾಯುತ್ತದೆ. ಊರೊಳಗೆ 30-40ರಲ್ಲಿ ಓಡಿಸುವಾಗ ಗೊತ್ತಾಗಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಹೋದಾಗ ಅದೇ ಟೈರ್ ಸಿಡಿಯಬಹುದು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಘಾಟಿ ಇಳಿಯುವಾಗಿನ ಬಿಸಿಗೆ ಕುದ್ದು, ಪೆಡಲ್ ಒತ್ತಿದರೂ ಗಾಡಿ ನಿಲ್ಲಲ್ಲ. ಕಾರಿನ ಟೈರಿನ ಗೀರುಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅಂತ ನಿಯಮವಿದೆ. ಮಳೆಯಲ್ಲಿ ನೀರನ್ನು ಆಚೆ ತಳ್ಳುವುದು ಆ ಗೀರುಗಳೇ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸರ್ಕಾರಿ ವರದಿಯಲ್ಲಿ ಶೇ. 70ಕ್ಕೂ ಹೆಚ್ಚು ಸಾವುಗಳ ಮುಂದೆ ಬರೆದಿರುವ ಕಾರಣ ಅತಿವೇಗ. ವೇಗ ಕೊಲ್ಲುತ್ತದೆ ಎನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಒಂದೇ ವೇಗದಲ್ಲಿ ಬಂದ ಎರಡು ಗಾಡಿಗಳಲ್ಲಿ ಒಂದು ನಿಂತು ಇನ್ನೊಂದು ನಿಲ್ಲದೆ ಹೋದರೆ, ನಿಲ್ಲದ ಗಾಡಿಯ ಕೇಸೂ "ಅತಿವೇಗ ಮತ್ತು ಅಜಾಗರೂಕತೆ" ಅಂತಲೇ ದಾಖಲಾಗುತ್ತದೆ. ಸವೆದ ಬ್ರೇಕ್ ಪ್ಯಾಡ್ ಲೆಕ್ಕಕ್ಕೇ ಬರಲ್ಲ.

ವಯಸ್ಸು ನೋಡುತ್ತೇವೆ, ಸ್ಥಿತಿ ನೋಡಲ್ಲ

ಇದಕ್ಕೆ ನಮ್ಮ ಸರ್ಕಾರಗಳು ಹುಡುಕಿದ ಉತ್ತರ ಗಾಡಿಯ ವಯಸ್ಸು. 2025ರ ಜುಲೈ 1ರಿಂದ ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಬಂಕಿನಲ್ಲಿ ಇಂಧನ ಹಾಕಬಾರದು ಅಂದರು. ಜನ ತಿರುಗಿಬಿದ್ದರು, ಕೆಲವೇ ದಿನದಲ್ಲಿ ಅದು ನಿಂತುಹೋಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ವಯಸ್ಸಾಯಿತು ಅಂತ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದು ಮಧ್ಯಂತರ ಆದೇಶ ಕೊಟ್ಟಿತು. ಚೆನ್ನಾಗಿ ನೋಡಿಕೊಂಡ ಹದಿನಾರು ವರ್ಷದ ಮಾರುತಿ ಗುಜರಿಗೆ ಹೋಗಬೇಕು, ನನ್ನ ಬೋಳು ಟೈರಿನ ಕಾರು ಮಾತ್ರ ಇನ್ನೂ ನಾಲ್ಕು ವರ್ಷ ಆರಾಮಾಗಿ ಓಡಬಹುದು ಅಂದರೆ ಇದ್ಯಾವ ಸುರಕ್ಷತೆ?

ಪರೀಕ್ಷೆ ಅಂದರೆ ಲಂಚಕ್ಕೆ ಇನ್ನೊಂದು ಬಾಗಿಲು ತೆಗೆದಂಗೆ ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಎಫ್‌ಸಿ ದಿನಕ್ಕೆ ಮಾತ್ರ ಒಳ್ಳೆ ಟೈರ್ ಹಾಕಿಕೊಂಡು ಬಂದು, ಸಂಜೆ ಹಳೆಯದಕ್ಕೆ ವಾಪಸ್ ಹೋಗುವ ಆಟವೂ ಎಲ್ಲರಿಗೂ ಗೊತ್ತಿರುವುದೇ. ಅದಕ್ಕೇ ಯಂತ್ರದಿಂದ ಪರೀಕ್ಷಿಸುವ ಕೇಂದ್ರಗಳಿಗೆ 2021ರಲ್ಲಿ ಕೇಂದ್ರ ನಿಯಮ ಮಾಡಿತು. ಪರೀಕ್ಷೆ ಮಾಡುವವರು ರಿಪೇರಿ ಅಥವಾ ಬಿಡಿಭಾಗ ಮಾರುವ ವ್ಯಾಪಾರ ನಡೆಸಬಾರದು ಅಂತಲೂ ಅದರಲ್ಲಿದೆ. ಸ್ವಂತ ಕಾರುಗಳನ್ನೂ ಐದನೇ ವರ್ಷದಿಂದಲೇ ಅಂಥ ಕೇಂದ್ರಕ್ಕೆ ತರಲಿ. ಶುಲ್ಕ ಕಡಿಮೆ ಇರಲಿ. ಫೇಲ್ ಆದರೆ ಗಾಡಿ ಜಪ್ತಿ ಮಾಡುವುದು ಬೇಡ, ಏನು ಕೆಟ್ಟಿದೆ ಅಂತ ಬರೆದುಕೊಟ್ಟು ಸರಿಮಾಡಿಸಲು ಸಮಯ ಕೊಡಲಿ. ಬಲ್ಬು, ವೈಪರ್‌ಗಳಿಗೆ ತಗಲುವ ಖರ್ಚು ಒಂದು ಸಲ ಟ್ಯಾಂಕ್ ತುಂಬಿಸುವ ದುಡ್ಡಿಗಿಂತ ಕಡಿಮೆ. ಟೈರಿಗೆ ಜಾಸ್ತಿ ಆಗುತ್ತೆ ನಿಜ. ಹಳೇ ಗಾಡಿ ಇಟ್ಟುಕೊಂಡ ಬಡವರಿಗೆ ಆ ಸಮಯ ಬೇಕಾಗಿರುವುದು ಇದಕ್ಕೇ.

ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ. ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ಅಪಾಯಕಾರಿ ದೋಷ ಇಟ್ಟುಕೊಂಡು ಗಾಡಿ ಓಡಿಸಿದರೂ ಅಪರಾಧವೇ. ಅಂದರೆ "ನಂಗೊತ್ತಿರಲಿಲ್ಲ ಸಾರ್" ಅನ್ನೋದು ನಡೆಯಲ್ಲ. ಆದರೆ ಅದನ್ನು ನೋಡುವ ವ್ಯವಸ್ಥೆಯನ್ನು ಹಳದಿ ಬೋರ್ಡಿನವರಿಗೆ ಮಾತ್ರ ಇಟ್ಟು, ನಮ್ಮಂಥ ಬಿಳಿ ಬೋರ್ಡಿನವರನ್ನು ನಂಬಿ ಬಿಟ್ಟಿದ್ದೇವೆ. ಆ ನಂಬಿಕೆಗೆ ನಾನಂತೂ ಯೋಗ್ಯನಾಗಿರಲಿಲ್ಲ.

ಅವತ್ತು ಸಂಜೆಯೇ ಎರಡು ಟೈರ್, ಒಂದು ಬಲ್ಬ್ ಹಾಕಿಸಿದೆ. ಗೆಳೆಯನಿಗೆ ಫೋನ್ ಮಾಡಿ ಹೇಳಿದಾಗ ನಕ್ಕ. "ಬಿಡೋ, ನನ್ನ ಎಫ್‌ಸಿ ಫೇಲ್ ಆಗಿದ್ದಕ್ಕೆ ನಿನ್ ಗಾಡಿನಾದ್ರೂ ಪಾಸ್ ಆಯ್ತಲ್ಲ." ನಿಮ್ಮ ಮನೆ ಮುಂದೆ ನಿಂತಿರುವ ಗಾಡಿಯ ಟೈರಿನ ಮೇಲೂ ನಾಲ್ಕು ಅಂಕಿ ಇರುತ್ತದೆ. ಇವತ್ತೇ ನೋಡಿ. ಮುಂದಿನ ಸಲ ನಿಮ್ಮ ಶಾಸಕರು ಸಿಕ್ಕಾಗ, ಅದನ್ನು ನೋಡುವ ಕೆಲಸ ಸರ್ಕಾರದ್ದೂ ಯಾಕಲ್ಲ ಅಂತ ಕೇಳಿ.