ಕಾರ್ಟೂನ್ ತಾನೇ ಅಂದವರಿಗೆ...

"ಏನ್ ಗುರೂ, ಶನಿವಾರ ಬೆಳ್ಬೆಳಿಗ್ಗೆ ಕಾರ್ಟೂನ್ ನೋಡಕ್ಕೆ ಹೊರಟಿದ್ದೀಯಾ? ಅದೂ ಹಳೇದು? ಅದೂ ಒಂದ್ಸಲ ನೋಡಿರೋದು?"

2025ರ ಜನವರಿಯಲ್ಲಿ ಗೆಳೆಯನೊಬ್ಬ ನಮ್ಮನೆ ಗೇಟಿನ ಹತ್ರ ನಿಂತು ಕೇಳಿದ ಪ್ರಶ್ನೆ ಇದು. ಆಗ ನಕ್ಕು ಸುಮ್ಮನಾಗಿದ್ದೆ. ಆದರೆ ಆ 'ಕಾರ್ಟೂನ್ ತಾನೇ' ಅನ್ನೋ ಧಾಟಿ ತಲೆಯಲ್ಲಿ ಕೂತುಬಿಟ್ಟಿದೆ. ಇವತ್ತು ಇಳಿಸಿಬಿಡ್ತೀನಿ. ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ :)

ಸಿನಿಮಾ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. ಜಪಾನಿನ ಯುಗೋ ಸಾಕೋ, ಕೊಯಿಚಿ ಸಸಾಕಿ ಮತ್ತು ನಮ್ಮ ರಾಮ್ ಮೋಹನ್ ಸೇರಿ ಮಾಡಿದ್ದು. 1993ರಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೋರಿಸಿದರು. ಅದಾದ ಮೇಲೂ ನಮ್ಮೂರುಗಳ ಥಿಯೇಟರಿಗೆ ಅದು ಬರಲೇ ಇಲ್ಲ. ನಮ್ಮಲ್ಲಿ ಬಹಳಷ್ಟು ಜನ ನೋಡಿದ್ದು ಟಿವಿಯಲ್ಲಿ. ನಾನೂ ಅಷ್ಟೇ. ಹಾಸನದ ಮನೆಯ 21 ಇಂಚಿನ ಟಿವಿ, ನಡುನಡುವೆ ಸೋಪಿನ ಜಾಹೀರಾತು, ಯುದ್ಧದ ಹೊತ್ತಿಗೆ ಸರಿಯಾಗಿ ಕರೆಂಟು ಢಮಾರ್! 'ಪರವಾಗಿಲ್ಲ, ಚೆನ್ನಾಗಿದೆ' ಅಂತ ಆಗ ಅನ್ನಿಸಿತ್ತು. ಅಷ್ಟೇ.

2025ರ ಜನವರಿ 24ಕ್ಕೆ ಅದೇ ಚಿತ್ರ 4ಕೆ ರೂಪದಲ್ಲಿ ಥಿಯೇಟರಿಗೆ ಬಂತು. ಅಮ್ಮನನ್ನೂ ಅಕ್ಕನ ಮಗಳು ಪುಟ್ಟಿಯನ್ನೂ ಕರಕೊಂಡು ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿಗೆ ಹೋದೆ.

ಕುಂಭಕರ್ಣ ಏಳುತ್ತಾನಲ್ಲ, ಅಲ್ಲಿ ನನ್ನ ಅಹಂಕಾರ ಇಳೀತು. ಟಿವಿಯಲ್ಲಿ ಅವನು ನನ್ನ ಅಂಗೈಯಷ್ಟಿದ್ದ. ರಾಕ್ಷಸ ಅಂತ ಕಥೆ ಹೇಳುತ್ತೆ, ಹಾಗಾಗಿ ನಾನೂ ನಂಬಿದ್ದೆ. ಇಲ್ಲಿ ಅವನು ಎದ್ದಾಗ ಕತ್ತೆತ್ತಿ ನೋಡಬೇಕಾಯ್ತು. ಚಿತ್ರ ಬರೆದವನು ಕತ್ತೆತ್ತಿ ನೋಡಲಿ ಅಂತಾನೇ ಬರೆದಿದ್ದ! ಸೇತುವೆ ಕಟ್ಟುವ ದೃಶ್ಯವೂ ಹಾಗೇ. ಟಿವಿಯಲ್ಲಿ ಕಂದುಬಣ್ಣದ ಗುಂಪು ಅನ್ನಿಸಿದ್ದು ಇಲ್ಲಿ ಒಂದೊಂದೂ ಬೇರೆ ಬೇರೆ ಕಪಿ. ಕಾಡಿನ ಹಿನ್ನೆಲೆಯಲ್ಲಿ ಕುಂಚದ ಗುರುತು ಕಾಣುತ್ತೆ. ಸೆಕೆಂಡಿಗೆ 24 ಫ್ರೇಮು. ಒಂದೇ ಚಿತ್ರವನ್ನ ಎರಡು ಮೂರು ಫ್ರೇಮಿಗೆ ಬಳಸಿಕೊಂಡರೂ ಎರಡೂಕಾಲು ಗಂಟೆಗೆ ಎಷ್ಟಾಯ್ತು ಲೆಕ್ಕ ಹಾಕಿ. ಅದೆಲ್ಲ ಯಾರೋ ಕೂತು ಕೈಯಲ್ಲಿ ಬರೆದದ್ದು.

ಇನ್ನೊಂದು ವಿಷಯ ಗೊತ್ತಾ? ಪಂಚೆ ಹೇಗೆ ಉಡ್ತಾರೆ, ನಡೆಯೋದು ಹೇಗೆ, ದೊಡ್ಡವರ ಆಶೀರ್ವಾದ ಹೇಗೆ ತಗೋತಾರೆ ಅಂತೆಲ್ಲ ಜಪಾನಿ ಕಲಾವಿದರಿಗೆ ಇಲ್ಲಿಂದ ಹೋದವರು ಹೇಳಿಕೊಟ್ಟಿದ್ದರು. ಆ ಶ್ರಮ ಕೂಡ ನನಗೆ ಕಂಡದ್ದು ಈ ಸಲವೇ.

ಈಗ ಜಗಳಕ್ಕೆ ಬರೋಣ.

ಈ ಸಿನಿಮಾ ಇಲ್ಲೇ ತಯಾರಾಗಬಹುದಿತ್ತು. ಸಾಕೋ ನಮ್ಮ ಸರ್ಕಾರದ ಸಹಕಾರ ಕೇಳಿದ್ದರು. ರಾಮಾಯಣದಂಥ ಸೂಕ್ಷ್ಮ ವಿಷಯಾನ ಕಾರ್ಟೂನ್ ಮಾಡೋದು ಸರಿಯಲ್ಲ ಅನ್ನೋ ಅಳುಕಿನಿಂದ ಅದು ಸಿಗಲಿಲ್ಲ. ಅಯೋಧ್ಯೆಯ ವಿವಾದ ಬೇರೆ ಬಿಸಿಯಾಗಿತ್ತು. ಕೊನೆಗೆ ಜಪಾನಿನಲ್ಲೇ ಆಯ್ತು. ಅಂದರೆ ದೊಡ್ಡವರಿಗೆ 'ಬರೀ ಕಾರ್ಟೂನು', ಹಾಗಾಗಿ ದೇವರಿಗೆ ಅವಮಾನ. ಮಕ್ಕಳಿಗೂ 'ಬರೀ ಕಾರ್ಟೂನು', ಹಾಗಾಗಿ ಟಿವಿಯಲ್ಲಿ ತುಂಡು ತುಂಡಾಗಿ ತೋರಿಸಿದರೆ ಸಾಕು! ಒಂದೇ ತಾತ್ಸಾರ, ಎರಡು ಮುಖ.

ಮೂರನೇ ಮುಖ ನಾನು ಟಿಕೆಟ್ ಬುಕ್ ಮಾಡುವಾಗಲೇ ಕಂಡಿತ್ತು. ಹಿಂದಿ ಇತ್ತು, ತಮಿಳು ಇತ್ತು, ತೆಲುಗು ಇತ್ತು, ಇಂಗ್ಲಿಷ್ ಇತ್ತು. ಕನ್ನಡ? ಹುಡುಕಿ ಹುಡುಕಿ ಸಾಕಾಗಿ ಹಿಂದಿಯ ಮೂರು ಟಿಕೆಟ್ ತಗೊಂಡೆ.

ಅಮ್ಮನಿಗೆ ಹಿಂದಿ ಬರಲ್ಲ. ಪುಟ್ಟಿಗೆ ಅರ್ಧಂಬರ್ಧ. ಆದರೆ ಅಮ್ಮ ತೊರವೆ ರಾಮಾಯಣದ ಗಮಕ ಕೇಳಿ ಬೆಳೆದವಳು. ಶುರುವಾಗಿ ಹತ್ತು ನಿಮಿಷಕ್ಕೆ ಮೊಮ್ಮಗಳ ಕಿವಿಯಲ್ಲಿ ಪಿಸುಗುಡೋಕೆ ಶುರು ಮಾಡಿದಳು. "ನೋಡು ಪುಟ್ಟಿ, ಇವ್ನೇ ವಿಶ್ವಾಮಿತ್ರ. ರಾಜ ಮಗನ್ನ ಕಳಿಸಕ್ಕೆ ಹೆದರ್ತಿದ್ದಾನೆ." ಮುಂದಿನ ಸಾಲಿನವರು ಎರಡು ಸಲ ತಿರುಗಿ ನೋಡಿದರು. ಮೂರನೇ ಸಲ "ಆಂಟೀ, ಪ್ಲೀಸ್" ಅಂದರು. ಅಮ್ಮ ಸುಮ್ಮನಾದಳು. ಜಟಾಯು ಬಿದ್ದಾಗ ಪುಟ್ಟಿ "ಅಜ್ಜೀ, ಈಗ ಏನಂದ?" ಅಂತ ಕೇಳಿದರೂ ಅಮ್ಮ ಬಾಯಿ ಬಿಡಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು ಅಷ್ಟೇ.

ಮುಂದಿನ ಸಾಲಿನವರ ಮೇಲೆ ನನಗೆ ಸಿಟ್ಟಿಲ್ಲ, ಅವರದ್ದು ನ್ಯಾಯವೇ. ಆದರೆ ಎಪ್ಪತ್ತು ದಾಟಿದ ಒಬ್ಬಾಕೆ ಬೆಂಗಳೂರಿನ ಥಿಯೇಟರಿನಲ್ಲಿ ಪಿಸುಮಾತಿನಲ್ಲಿ ಡಬ್ಬಿಂಗ್ ಮಾಡಿ ಬೈಸಿಕೊಳ್ಳಬೇಕಾ?

'ಡಬ್ಬಿಂಗ್ ಬೇಡ' ಅಂತ ದಶಕಗಳ ಕಾಲ ಇದ್ದ ಅಘೋಷಿತ ಬೇಲಿಯನ್ನ 2015ರಲ್ಲೇ ಸ್ಪರ್ಧಾ ಆಯೋಗ ತಪ್ಪು ಅಂದಿದೆ. 2017ರಿಂದ ಡಬ್ ಆದ ಚಿತ್ರಗಳು ಮತ್ತೆ ತೆರೆಗೆ ಬರುತ್ತಿವೆ. ಅದಕ್ಕೂ ಮೊದಲೇ, 2009ರಲ್ಲಿ ಚಿಂಟು ಟಿವಿ ಬಂದಾಗ ಡೋರಾ ಕನ್ನಡ ಮಾತಾಡಿದ್ದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಈಗ ಬೇಲಿ ಇಲ್ಲ, ಬೇಲಿಯ ಅಭ್ಯಾಸ ಮಾತ್ರ ಉಳಿದಿದೆ.

"ಕನ್ನಡದಲ್ಲಿ ಬಂದರೆ ಯಾರು ನೋಡ್ತಾರೆ ಸಾರ್, ಮಾರ್ಕೆಟ್ ಇಲ್ಲ" ಅನ್ನೋರಿಗೆ ನನ್ನ ಉತ್ತರ: ಅವತ್ತು ನಾನು ಕೊಂಡ ಮೂರು ಟಿಕೆಟ್ಟು ಯಾವ ಲೆಕ್ಕಕ್ಕೆ ಹೋಯ್ತು? ಹಿಂದಿಯ ಲೆಕ್ಕಕ್ಕೆ. ಹಿಂದಿ ಬಾರದ ಅಮ್ಮನ ಟಿಕೆಟ್ಟೂ ಹಿಂದಿಗೇ! ಅಂಗಡಿಯಲ್ಲಿ ರಾಗಿ ಇಡದೆ, ಇಲ್ಲಿಯವರು ರಾಗಿ ಕೊಳ್ಳಲ್ಲ ಅಂದ ಹಾಗಾಯ್ತು.

ಆದರೆ ಬೈಗುಳವೆಲ್ಲ ಅವರಿಗೇ ಇಟ್ಟರೆ ಮೋಸವಾಗುತ್ತೆ. ನಮಗೂ ಸ್ವಲ್ಪ ಇರಲಿ. ಅದೇ ವರ್ಷದ ಜುಲೈ 25ಕ್ಕೆ 'ಮಹಾವತಾರ್ ನರಸಿಂಹ' ಬಂತು. ಅದೂ ಅನಿಮೇಶನ್ನೇ, ಅರ್ಪಿಸಿದ್ದು ಬೆಂಗಳೂರಿನ ಹೊಂಬಾಳೆ, ಕನ್ನಡದಲ್ಲೂ ಇತ್ತು. ದೇಶವೆಲ್ಲ ಮುಗಿಬಿದ್ದು ನೋಡಿತು. ನಮ್ಮ ಗೆಳೆಯರ ಬಳಗದಲ್ಲಿ ಎಷ್ಟು ಜನ ಕನ್ನಡದ ಪ್ರದರ್ಶನವನ್ನೇ ಹುಡುಕಿಕೊಂಡು ಹೋದರು? 'ಓಟಿಟಿಗೆ ಬರುತ್ತೆ ಬಿಡೋ' ಅಂದವರೇ ಜಾಸ್ತಿ. ಆಮೇಲೆ ಮೊಬೈಲಿನಲ್ಲಿ ನೋಡಿ 'ಪರವಾಗಿಲ್ಲ' ಅಂತೀವಿ. ನಾನು 21 ಇಂಚಿನಲ್ಲಿ ನೋಡಿ ಅಂದಿದ್ದೂ ಅದನ್ನೇ ಅಲ್ವಾ? ತಪ್ಪು ಸಿನಿಮಾದಲ್ಲಿರಲಿಲ್ಲ ಸ್ವಾಮಿ, ನಾನು ನೋಡಿದ ಕಿಂಡಿಯಲ್ಲಿತ್ತು.

ಸಾಕೋ 2012ರಲ್ಲಿ ತೀರಿಕೊಂಡರು, ರಾಮ್ ಮೋಹನ್ 2019ರಲ್ಲಿ. ತಮ್ಮ ಸಿನಿಮಾ ಭಾರತದ ಥಿಯೇಟರುಗಳಲ್ಲಿ ಹೀಗೆ ತೆರೆಕಂಡದ್ದನ್ನ ಅವರಿಬ್ಬರೂ ನೋಡಲಿಲ್ಲ. ನಾನಾದರೂ ಎರಡನೇ ಸಲ ನೋಡಿದೆನಲ್ಲ ಅನ್ನೋದೇ ಸಮಾಧಾನ.

ವಾಪಸ್ ಬರುವಾಗ ಆಟೋದಲ್ಲಿ ಪುಟ್ಟಿ ಅಜ್ಜಿಯ ತೊಡೆ ಮೇಲೆ ಕೂತು, "ಈಗ ಮೊದಲಿಂದ ಕನ್ನಡದಲ್ಲಿ ಹೇಳು" ಅಂದಳು. ಅಮ್ಮ ವಿಶ್ವಾಮಿತ್ರನಿಂದ ಶುರು ಮಾಡಿದಳು. ಈ ಸಲ ಯಾರೂ ತಿರುಗಿ ನೋಡಲಿಲ್ಲ. ಮನೆ ಬಂದರೂ ಕಥೆ ಇನ್ನೂ ಚಿತ್ರಕೂಟದಲ್ಲಿತ್ತು.

ಮುಂದಿನ ಸಲ ಕನ್ನಡದಲ್ಲಿ ಒಂದು ಅನಿಮೇಶನ್ ಚಿತ್ರ ತೆರೆಗೆ ಬಂದಾಗ ಮನೆಯ ಮಕ್ಕಳನ್ನೂ ಅಜ್ಜಿಯನ್ನೂ ಕರಕೊಂಡು ಹೋಗ್ತೀರಾ? ಅಥವಾ 'ಕಾರ್ಟೂನ್ ತಾನೇ' ಅಂತೀರಾ? ಬೈಯೋದಿದ್ದರೂ ಪರವಾಗಿಲ್ಲ, ಕೆಳಗೆ ಬರೆದು ಹೋಗಿ.